ವೀಕ್ಷಾಳಿಗೊಂದು ಜೋಡಿ ತಟ್ಟೆ

ಸುಳ್ಳು ಹೇಳುವವರನ್ನು ಕಂಡರೆ ಮಧುರಾಗೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ಭಾನುವಾರ ಬೆಳಿಗ್ಗೆ ಮೈಲಾಪೂರಿನ ಹೋಟೆಲಿನಲ್ಲಿ ಮಸಾಲೆದೋಸೆಯ ತುದಿ ಮುರಿದು ಬಾಯಿಗಿಡುವ ಹೊತ್ತಿಗೆ ಒಂದು ಸುಳ್ಳು ಕೈಗೆ ಸಿಕ್ಕಿತು ನೋಡಿ, ಸಿಟ್ಟು ಬರುವ ಬದಲು ಎದ್ದು ಕುಣಿಯಬೇಕೆನ್ನಿಸಿತು.

ಸುಳ್ಳು ಬೇರೆಯವರದು, ಹೊರಬಿದ್ದದ್ದು ಅಡುಗೆಯ ಸುರೇಶನ ಬಾಯಿಂದ. ಬೀಳಿಸಿದವರು ಮಧುರಾಳ ತಂದೆ ಗುಂಡಣ್ಣ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಗುಂಡಣ್ಣನವರಿಗೆ ಮದರಾಸಿನಲ್ಲಿ ಕನ್ನಡ ಮಾತಾಡುವ ಒಂದು ಜೀವ ಸಿಕ್ಕರೆ ಸಾಕು, ಅದರ ಮೂರು ತಲೆಮಾರು ಬಿಚ್ಚಿಸದೆ ಬಿಡುವವರಲ್ಲ. ಒಲೆಯ ಸೆಕೆ ತಾಳಲಾರದೆ ಸುರೇಶ ಹೊರಗೆ ಬಂದು, ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಸವರುತ್ತ ನಿಂತಿದ್ದ. ಗುಂಡಣ್ಣ ಹಿಡಿದರು.

"ಈ ಹೋಟೆಲ್ ಶುರು ಮಾಡಿದ್ದು ಯಾರಪ್ಪಾ?"

"ನನ್ನ ಅಪ್ಪ, ಮಾರಾಯ್ರೆ. ಊರಿಂದ ಬರುವಾಗ ಉಟ್ಟ ಪಂಚೆ ಬಿಟ್ಟು ಎಂತದೂ ಇರ್ಲಿಲ್ಲವಂತೆ."

"ಹಾಗಾದ್ರೆ ಓನರ್ ನೀವೇ ಅನ್ನಿ!"

"ನಾನಾ?" ಸುರೇಶ ಅಡಿಕೆ ಕಡಿದ ಸದ್ದಿನಲ್ಲೇ ಅರ್ಧ ಉತ್ತರವಿತ್ತು. "ನಾನು ಸೌಟು ಹಿಡಿಯುವವ. ನಮ್ಮ ಕಡೆ ಹಳೇ ಕಟ್ಟು ಒಂದುಂಟು, ಆಸ್ತಿ ಮಗನಿಗಲ್ಲ, ತಂಗಿಯ ಮಗನಿಗೆ. ಕಾನೂನು ಬದಲಾಯ್ತು, ಅಪ್ಪನ ತಲೆ ಬದಲಾಗ್ಲಿಲ್ಲ. ಅವರ ತಂಗಿಯ ಮಗನನ್ನು ಊರಿಂದ ಕರೆಸಿ ಗಲ್ಲಾದಲ್ಲಿ ಕೂರಿಸಿದ್ರು. ಅದು ಸಾಲದು ಅಂತ ನನ್ನ ತಂಗಿಯನ್ನೂ ಅವನಿಗೇ ಕೊಟ್ರು. ಅಗೋ, ಅಲ್ಲಿ ಚಿಲ್ಲರೆ ಇಲ್ಲ ಅಂತ ಮುಖ ಸಿಂಡರಿಸ್ತಾ ಇದ್ದಾನಲ್ಲ, ಅವನೇ."

ಗಲ್ಲಾದಲ್ಲಿ ಕೂತು ಮುಖ ಸಿಂಡರಿಸುತ್ತಿದ್ದವರು ಮೋನಪ್ಪ. ಮಧುರಾ ಕೈಲಿದ್ದ ದೋಸೆಯ ಚೂರನ್ನು ತಟ್ಟೆಗೆ ಹಾಕಿದಳು. ಮೋನಪ್ಪನ ಹೆಂಡತಿ ಸರಸ. ಅವರ ಮಗಳು ವೀಕ್ಷಾ. ಆ ವೀಕ್ಷಾಳಿಗಾಗಿ ಮಧುರಾ ಎಷ್ಟೋ ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು.

ಮಧುರಾ ಪೋರೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ರಕ್ತದ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವವಳು. ವೀಕ್ಷಾಳಿಗೆ ಥಲಸೀಮಿಯಾ, ಅವಳ ಮೈ ತನಗೆ ಬೇಕಾದ ಒಳ್ಳೆಯ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಒಂದನೇ ಕ್ಲಾಸಿಗೆ ಹೋಗುವ ಹುಡುಗಿ, ಪ್ರತಿ ತಿಂಗಳೂ ಪೋರೂರಿಗೆ ಬಂದು ಬೇರೆಯವರ ರಕ್ತ ಏರಿಸಿಕೊಂಡು ಹೋಗಬೇಕು. ಹಾಗೆ ಏರಿಸಿದ ರಕ್ತದ ಕಬ್ಬಿಣವೆಲ್ಲ ಲಿವರಿನಲ್ಲಿ ಕೂತು ಬೇರೆ ಕಾಟ ಕೊಡಲು ಶುರುಮಾಡಿತ್ತು. ಇದರಿಂದ ಪೂರ್ತಿ ಬಿಡುಗಡೆಯಾಗಬೇಕಾದರೆ ಹೊಂದುವ ಒಬ್ಬರ ಅಸ್ಥಿಮಜ್ಜೆ ಬೇಕು, ಅದೂ ಲಿವರು ಹದಗೆಡುವ ಮುಂಚೆ. ಅವಳ ಅಣ್ಣ ಮನೀಶ್‌ನದು ಅರ್ಧ ಮಾತ್ರ ಹೊಂದಿತ್ತು. ದೇಶದ ದಾನಿಗಳ ಪಟ್ಟಿಯಲ್ಲೂ ಯಾರೂ ಸಿಕ್ಕಿರಲಿಲ್ಲ.

ಮಧುರಾಳ ಸಂಶೋಧನೆ ನಡೆಯುತ್ತಿದ್ದದ್ದೇ ಸಂಬಂಧದೊಳಗೆ ಮದುವೆಯಾದ ಮನೆಗಳ ಮೇಲೆ. ಅಂಥ ಮನೆಗಳಲ್ಲಿ ಒಡಹುಟ್ಟಿದವರು ಹೊಂದದಿದ್ದರೂ ಮಾವ, ಅತ್ತೆ, ಅಜ್ಜಿ ಯಾರೋ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ಇರುತ್ತದೆ, ಹುಡುಕಿದರೆ ಸಿಗಬಹುದು ಎನ್ನುವುದು ಅವಳ ವಾದ. ಅದಕ್ಕೇ ಸರಸಳನ್ನು ಕನ್ನಡದಲ್ಲೇ, ಕೈಹಿಡಿದು, ಎರಡೆರಡು ಸಲ ಕೇಳಿದ್ದಳು. "ಸಂಬಂಧದಲ್ಲಿ ಮದುವೆ ಆದವರಾ ನೀವು?" ಸರಸ ನೆಲ ನೋಡುತ್ತ ಎರಡು ಸಲವೂ ಒಂದೇ ಉತ್ತರ ಕೊಟ್ಟಿದ್ದಳು. "ಇಲ್ಲ ಮೇಡಂ, ಹೊರಗಿನ ಸಂಬಂಧ."

ಈಗ ನೋಡಿದರೆ ಅಪ್ಪಟ ಸೋದರಮಾವನ ಮಗಳು! ಮಧುರಾ ಅರ್ಧ ದೋಸೆಯನ್ನು ಹಾಗೇ ಬಿಟ್ಟು ಕೈತೊಳೆಯಲು ಎದ್ದಳು. ಗುಂಡಣ್ಣ ಆ ಅರ್ಧವನ್ನು ತಮ್ಮ ತಟ್ಟೆಗೆ ಎಳೆದುಕೊಂಡರು.

ಮರುದಿನವೇ ವೀಕ್ಷಾಳಿಗೆ ರಕ್ತ ಏರಿಸುವ ದಿನ. ಕೂಗಾಡಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಬುದ್ಧಿ ಹೇಳಿಕೊಂಡು ಬಂದ ಮಧುರಾ, ವಾರ್ಡಿನಲ್ಲಿ ಸರಸಳ ಪಕ್ಕ ಕೂತು ಮೆಲ್ಲಗೆ ಕೇಳಿದಳು. ಸರಸಳ ಕಣ್ಣು ತುಂಬಿತು.

"ಎಂತ ಮಾಡುದು ಮೇಡಂ? ಈ ಕಾಯಿಲೆ ಅಂತ ಮೊದಲು ಗೊತ್ತಾದಾಗ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟ್ರು ಎಲ್ಲರ ಎದುರು ಬೈದ್ರು. ಮನೆಯೊಳಗೇ ಮದುವೆ ಮಾಡಿಕೊಂಡು ಮಗುವಿನ ರಕ್ತ ಕೆಡಿಸಿದ್ದು ನೀವೇ ಅಂತ. ಇವರು ಮನೆಗೆ ಬಂದು ಊಟ ಮಾಡ್ಲಿಲ್ಲ. ಇನ್ನು ಯಾರು ಕೇಳಿದ್ರೂ ಹೊರಗಿನ ಸಂಬಂಧ ಅಂತ ಹೇಳು ಅಂದ್ರು. ಹೇಳಿ ಹೇಳಿ ಅದೇ ಬಾಯಿಗೆ ಬರ್ತದೆ."

ಮಧುರಾಗೆ ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಜಗಳ ಆಡಬೇಕೆನ್ನಿಸಿತು. ಬೈದವನು ಬೈದು ಮನೆಗೆ ಹೋದ, ಇವರು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಅವಳು ಮಂಚದ ಮೇಲಿದ್ದ ತಿಂಡಿತಟ್ಟೆಯನ್ನು ಎಳೆದು, ಹೋಟೆಲಿನವರಿಗೆ ಹೋಟೆಲಿನ ಭಾಷೆಯಲ್ಲೇ ಹೇಳಿದಳು.

"ನೋಡಿ ಸರಸ ಅವರೇ, ಪ್ರತಿಯೊಬ್ಬರ ತಟ್ಟೆಯಲ್ಲೂ ಎರಡು ತಿಂಡಿ. ಒಂದು ಅಪ್ಪ ಬಡಿಸಿದ್ದು, ಒಂದು ಅಮ್ಮ ಬಡಿಸಿದ್ದು. ವೀಕ್ಷಾ ತಟ್ಟೆಯಲ್ಲಿ ಇಡ್ಲಿ, ವಡೆ ಇದೆ ಅಂದ್ಕೊಳ್ಳಿ. ನಮಗೆ ಬೇಕಾಗಿರೋದು ಇಡ್ಲಿ ವಡೆ ಎರಡೂ ಇರೋ ಇನ್ನೊಂದು ತಟ್ಟೆ. ನೀವಿಬ್ಬರೂ ಬೇರೆ ಬೇರೆ ಮನೆಯವರಾಗಿದ್ರೆ ಅದು ಅಣ್ಣನ ಹತ್ತಿರ ಇಲ್ಲದಿದ್ರೆ ಮುಗೀತು. ಆದ್ರೆ ನಿಮ್ಮಿಬ್ಬರ ಅಡುಗೆಮನೆ ಒಂದೇ! ಅದೇ ಜೋಡಿ ನಿಮ್ಮ ನೆಂಟರಲ್ಲಿ ಯಾರ ತಟ್ಟೆಯಲ್ಲಾದ್ರೂ ಇರಬಹುದು."

ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ವೀಕ್ಷಾ ಇಷ್ಟು ಹೊತ್ತು ಕಾರ್ಟೂನ್ ನೋಡುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ತಮಿಳು. "ಅಪ್ಪೋ ಎನ್ ಪ್ಲೇಟ್ ಯಾರ್‌ಕಿಟ್ಟ ಇರುಕ್ಕು?" ಎಂದಳು. ನನ್ನ ತಟ್ಟೆ ಹಾಗಾದರೆ ಯಾರ ಹತ್ತಿರ ಇದೆ?

"ಅದನ್ನೇ ಹುಡುಕೋಣ ಬಾ," ಎಂದಳು ಮಧುರಾ.

ಅವಳ ಹಿರಿಯ ಡಾಕ್ಟರ್ ಮಧುಸೂದನ್ ವಿಷಯ ಕೇಳಿ ಕನ್ನಡಕ ತೆಗೆದು ನಕ್ಕರು. "ಹೋಟೆಲಿನಲ್ಲಿ ಎಷ್ಟು ಜನ ನೆಂಟರಿದ್ದಾರೆ?"

"ಅಡುಗೆಮನೆಯಲ್ಲಿ ಇರೋರೆಲ್ಲ ನೆಂಟರೇ, ಸರ್. ಹೊರಗಿನವರನ್ನ ಒಲೆ ಹತ್ತಿರ ಬಿಡೋ ಪದ್ಧತಿಯೇ ಇಲ್ಲ."

"ಹಾಗಾದರೆ ಏನು ನೋಡುತ್ತಿದ್ದೀರಿ? ಇಡೀ ಅಡುಗೆಮನೆಯ ಬಾಯಿ ಸವರಿಕೊಂಡು ಬನ್ನಿ."

ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತು. ಫ್ಯಾನಿನ ಕೆಳಗೆ ಟೇಬಲ್ಲುಗಳ ಮೇಲೆ ಮಲಗಿ ಗೊರಕೆ ಹೊಡೆಯುವವರನ್ನೆಲ್ಲ ಮೋನಪ್ಪ ಎಬ್ಬಿಸಿ ಸಾಲಾಗಿ ಕೂರಿಸಿದರು. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ತೆಗೆಯುವ ಸುಲಭದ ಕೆಲಸ. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಬಾಯಿಗೆ ಏನೂ ಹಾಕಬಾರದು ಎಂದು ಮಧುರಾ ಹಿಂದಿನ ದಿನವೇ ಹೇಳಿಟ್ಟಿದ್ದಳು. ರುಚಿ ನೋಡುವುದೇ ಕಸುಬಾದವರಿಗೆ ಅದೊಂದು ದೊಡ್ಡ ಶಿಕ್ಷೆ. ಮೋನಪ್ಪನ ಅಕ್ಕನ ಮಗ ಸಂತೋಷ್ ಚಟ್ನಿ ರುಬ್ಬಿದ ಕೈಯನ್ನು ಬಾಯಿಯ ಹತ್ತಿರ ಒಯ್ದು ಒಯ್ದು ಹಿಂದಕ್ಕೆ ತರುತ್ತಿದ್ದ. ಸಪ್ಲೈಯರ್ ತಿರುಮಲ ಇವರ ನೆಂಟನೂ ಅಲ್ಲ, ಊರಿನವನೂ ಅಲ್ಲ; ಆದರೂ ಬಂದು ಬಾಯಿ ತೆರೆದು ಕೂತ. ಬೇಡವೆಂದರೆ ಏಳಲಿಲ್ಲ. "ಯಾರಿಗೆ ಗೊತ್ತು ಮೇಡಂ, ಇವರ ಉಪ್ಪು ತಿಂದು ಇಷ್ಟು ವರ್ಷ ಆಯ್ತು," ಎಂದ. ಅವನದನ್ನೂ ಸವರಿದ್ದಾಯಿತು.

ಈ ತಿರುಮಲನಿಗೆ ಆ ಹೋಟೆಲಿನಲ್ಲಿ ತಟ್ಟೆ ಹೊರುವುದಕ್ಕಿಂತ ಭಾರವಾದ ಇನ್ನೊಂದು ಕೆಲಸವಿತ್ತು. ಮೋನಪ್ಪನೂ ಸುರೇಶನೂ ನೇರವಾಗಿ ಮಾತಾಡುತ್ತಿರಲಿಲ್ಲ. ಸುರೇಶನ ಅಪ್ಪ ತೀರಿಕೊಂಡ ವರ್ಷದಿಂದ ಹಾಗೇ. "ಒಳಗೆ ಹೇಳು, ಸಾಂಬಾರಿಗೆ ಉಪ್ಪು ಕಡಿಮೆ," ಎಂದು ಗಲ್ಲಾದಿಂದ ಹೊರಡುವ ಮಾತು ತಿರುಮಲನ ಮೂಲಕ ಒಳಗೆ ಹೋಗುತ್ತಿತ್ತು. "ಹೊರಗೆ ಹೇಳು, ನಾಲಿಗೆ ಸರಿ ಇಲ್ಲದವರಿಗೆ ಹಾಗೇ ಕಾಣ್ತದೆ," ಎಂದು ಉತ್ತರ ಬರುತ್ತಿತ್ತು. ಒಂದೇ ಸೂರಿನ ಕೆಳಗೆ ಇದ್ದು ಇಷ್ಟು ಹಟ!

ಸುರೇಶ ಕೊನೆಗೆ ಬಂದ. ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು, ಮಧುರಾಳ ಮುಖ ನೋಡದೆ ಬಾಯಿ ತೆರೆದು, ಮುಗಿದ ತಕ್ಷಣ ಒಳಗೆ ಹೋಗಿಬಿಟ್ಟ. ಊರಿನಲ್ಲಿದ್ದ ವೀಕ್ಷಾಳ ಅಜ್ಜಿಯರಿಬ್ಬರ ಕಡ್ಡಿಗಳು ಕೊರಿಯರಿನಲ್ಲಿ ಬಂದವು. ಎಲ್ಲವೂ ಲ್ಯಾಬಿಗೆ ಹೋದವು.

ಆಮೇಲಿನ ಕಾಯುವಿಕೆ ಇದೆಯಲ್ಲ, ಅದು ಶತ್ರುವಿಗೂ ಬೇಡ. ಫೋನು ಸದ್ದು ಮಾಡಿದರೆ ಮಧುರಾ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದಳು. ತಾಯಿ ವಾಸಂತಿ, "ನಿನಗೇ ಪರೀಕ್ಷೆ ರಿಸಲ್ಟ್ ಬರೋ ಹಾಗೆ ಆಡ್ತೀಯಲ್ಲೇ," ಎಂದು ರೇಗಿಸಿ, ತಾವೂ ಕದ್ದು ಅವಳ ಫೋನಿನ ಕಡೆ ನೋಡುತ್ತಿದ್ದರು.

ಫಲಿತಾಂಶ ಬಂತು. ಸಂತೋಷ್‌ನದು ಅರ್ಧ ಕೂಡ ಹೊಂದಿಲ್ಲ. ಮೋನಪ್ಪನ ತಾಯಿಯಲ್ಲಿ ಇಡ್ಲಿ ಉಂಟು, ವಡೆ ಇಲ್ಲ. ಸರಸಳ ತಾಯಿಯಲ್ಲಿ ವಡೆ ಉಂಟು, ಇಡ್ಲಿ ಇಲ್ಲ. ಉಳಿದವರದೂ ಅಷ್ಟಕ್ಕಷ್ಟೆ. ತಿರುಮಲನದು ಬೇರೆಯೇ ತಟ್ಟೆ. ಸುರೇಶನ ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಮಾದರಿ ಕೆಟ್ಟಿದೆ, ಓದಲಾಗಲಿಲ್ಲ ಎಂದು ಲ್ಯಾಬಿನವರು ಹೇಳಿದರು. ಕಡ್ಡಿಯ ತುದಿ ಕೆಂಪಗೆ ಇತ್ತಂತೆ, ಸುಣ್ಣದ ಕಣವೂ ಇತ್ತಂತೆ.

ಎಲೆ ಅಡಿಕೆ! ಅಷ್ಟು ಹೇಳಿದ್ದರೂ!

ಮಧುರಾ ಮೋನಪ್ಪನಿಗೆ ಫೋನಿನಲ್ಲಿ ತಿಳಿಸಿದಳು. ಅವರು ಸಣ್ಣ ದನಿಯಲ್ಲಿ, "ಬೇಕೂಂತಲೇ ಮಾಡಿದ್ದಾನೆ ಮೇಡಂ. ಹೋಟೆಲ್ ಕೊಡ್ಲಿಲ್ಲ ಅಂತ ನನ್ನ ಮಗಳ ಮೇಲೆ ತೀರಿಸಿಕೊಂಡ," ಎಂದರು.

ಮಧುರಾಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಅವಳು ಮಾತು ಬೆಳೆಸಲಿಲ್ಲ. ಅವತ್ತೇ ಮಧ್ಯಾಹ್ನ ರಕ್ತ ತೆಗೆಯುವ ಸಾಮಾನನ್ನು ಬ್ಯಾಗಿಗೆ ಹಾಕಿಕೊಂಡು ಮೈಲಾಪೂರಿಗೆ ಬಂದು, ಗಲ್ಲಾದ ಮುಂದೆ ನಿಲ್ಲದೆ ನೇರ ಅಡುಗೆಮನೆಗೆ ನುಗ್ಗಿದಳು. ಚಪ್ಪಲಿ ಹೊರಗೆ ಬಿಡಬೇಕೆಂಬುದೂ ನೆನಪಾಗಲಿಲ್ಲ. ಸುರೇಶ ಸಂಜೆಯ ಬೋಂಡಾಕ್ಕೆ ಹಿಟ್ಟು ಕಲಸುತ್ತಿದ್ದ.

"ಒಂದು ಅರ್ಧ ಗಂಟೆ ಬಾಯಿ ಕಟ್ಟಿಕೊಂಡಿರೋಕೆ ಆಗಲಿಲ್ವಾ ನಿಮಗೆ? ಮಗುವಿನ ಮೇಲೆ ಎಂಥ ಹಗೆ ನಿಮಗೆ?"

ಸುರೇಶನ ಕೈ ಹಿಟ್ಟಿನಲ್ಲೇ ನಿಂತಿತು. "ಹಗೆಯಾ?" ಎಂದ. "ವೀಕ್ಷನ ಮೇಲಾ?"

ಅವನ ಕಣ್ಣಲ್ಲಿ ನೀರು ಬಂತು.

"ಗಲ್ಲಾದವನ ಮೇಲೆ ಸಿಟ್ಟು ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆ ಕೂಸು... ಅವತ್ತು ನೀವು ಬರುವ ಸ್ವಲ್ಪ ಮೊದಲು ಅದು ಇಲ್ಲಿಗೆ ಓಡಿ ಬಂತು ಮೇಡಂ. 'ಮಾಮ, ಎನ್ ಪ್ಲೇಟ್ ಉನ್‌ಕಿಟ್ಟದಾನ್ ಇರುಕ್ಕು, ಎನಕ್ಕು ತೆರಿಯುಂ' ಅಂತ ಹೇಳಿ ನನ್ನ ಕಾಲನ್ನು ತಬ್ಬಿಕೊಂಡಿತು. ನನ್ನ ತಟ್ಟೆ ನಿನ್ನ ಹತ್ತಿರವೇ ಉಂಟು, ನಂಗೆ ಗೊತ್ತುಂಟು ಅಂತ! ನಾಳೆ ಇಲ್ಲ ಅಂತ ಬಂದ್ರೆ ಅದರ ಮುಖ ಹೇಗೆ ನೋಡುದು? ಕೈ ತಾನೇ ಚೀಲಕ್ಕೆ ಹೋಯ್ತು. ಬಾಯಿಗೆ ಹಾಕಿದ ಮೇಲೆಯೇ ನೆನಪಾದದ್ದು. ಉಗಿದು ಬಾಯಿ ತೊಳೆದು ಬಂದೆ. ಎಲ್ಲರೂ ಕೂತಿದ್ರು, ಹೇಳ್ಲಿಕ್ಕೆ ನಾಚಿಕೆಯಾಯ್ತು."

ಮಧುರಾ ಅಕ್ಕಿಮೂಟೆಯ ಮೇಲೆ ಕೂತಳು. ಎಂಥ ಅನ್ಯಾಯದ ಮಾತು ಆಡಿಬಿಟ್ಟೆ ಎಂದು ಅವಳಿಗೆ ನಾಚಿಕೆಯಾಯಿತು. "ತಪ್ಪಾಯ್ತು ಸುರೇಶ ಅವರೇ," ಎಂದಳು. "ಈಗ ಬಾಯಿ ಬೇಡ. ಕೈ ಕೊಡಿ, ರಕ್ತ ತಗೋತೀನಿ."

ಸುರೇಶ ಹಿಟ್ಟಿನ ಕೈ ತೊಳೆದು ಬಂದು, ಎಣ್ಣೆ ಸಿಡಿದು ಸಿಡಿದು ಕಲೆ ಬಿದ್ದಿದ್ದ ತೋಳನ್ನು ಮುಂದೆ ಚಾಚಿದ. ಕುದಿಯುವ ಬಾಣಲೆಗೆ ಹೆದರದ ಆ ಮನುಷ್ಯ ಸೂಜಿ ಕಂಡದ್ದೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಈ ಸಲ ಫಲಿತಾಂಶ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಮಧುರಾ ಕಂಪ್ಯೂಟರಿನಲ್ಲಿ ವೀಕ್ಷಾಳ ಸಾಲನ್ನು ಮೇಲಿಟ್ಟು, ಸುರೇಶನ ಸಾಲನ್ನು ಕೆಳಗಿಟ್ಟಳು. ಮೊದಲನೆಯದು ಕೂಡಿತು. ಎರಡನೆಯದು ಕೂಡಿತು. ಅವಳು ಬೆರಳಿಟ್ಟು ಕೊನೆಯವರೆಗೆ ಓದಿದಳು. ಇಡ್ಲಿಗೆ ಇಡ್ಲಿ, ವಡೆಗೆ ವಡೆ. ಮತ್ತೆ ಮೊದಲಿಂದ ಓದಿದಳು. ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ಓದಿದಳು.

"ಸರ್!" ಅವಳು ಕೂಗಿದ ಕೂಗಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸ್ ಟ್ರೇ ಬೀಳಿಸುವುದರಲ್ಲಿದ್ದಳು.

ಮಧುಸೂದನ್ ಬಂದು ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಪೂರ್ತಿ ಹೊಂದಿದೆ," ಎಂದವರ ದನಿಯೇ ಬೇರೆಯಾಗಿತ್ತು. ಮರುಕ್ಷಣ ಡಾಕ್ಟರಾದರು. "ಕುಣಿಯಬೇಡಿ. ಖಾತ್ರಿಗೆ ಇನ್ನೊಂದು ಸಲ ಮಾಡಿಸಬೇಕು. ಮಾವನ ಆರೋಗ್ಯ ನೋಡಬೇಕು, ಮಗುವಿನ ಲಿವರ್ ನೋಡಬೇಕು. ಕಸಿ ಮಾಡಿದ ಮೇಲೂ ಕಷ್ಟದ ದಿನಗಳು ಬೇಕಾದಷ್ಟು ಇರುತ್ತವೆ."

"ಗೊತ್ತು ಸರ್. ಇವತ್ತೊಂದು ದಿನ ಕುಣಿದುಬಿಡ್ತೀನಿ."

"ಹೋಗಿ ಹಾಗಾದರೆ, ಬೇಗ ಹೋಗಿ," ಎಂದು ನಕ್ಕರು ಅವರು.

ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಆ ಹೋಟೆಲಿನಲ್ಲಿ ಗುಡುಗಿದರೂ ಕೇಳಿಸದು. ಮಧುರಾ ಆಟೋ ಹತ್ತಿದಳು. ಪೋರೂರಿನಿಂದ ಮೈಲಾಪೂರಿಗೆ ಅವತ್ತಿನಷ್ಟು ದೂರ ಎಂದೂ ಇರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಅವಳು ತಾನೇ ಇಳಿದು ತಳ್ಳುವವಳಂತೆ ಮುಂದಕ್ಕೆ ಬಗ್ಗುತ್ತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿ, "ಎನ್ನಮ್ಮಾ, ಕಲ್ಯಾಣಮಾ?" ಎಂದ. ಮದುವೆಗಿಂತ ದೊಡ್ಡದು ಎಂದಳು ಇವಳು. ಅವನಿಗೆ ಏನು ಅರ್ಥವಾಯಿತೋ, ಗಾಡಿ ಹಾರಿಸಿದ.

ಹೋಟೆಲು ಕಿಕ್ಕಿರಿದಿತ್ತು. ಗಲ್ಲಾದ ಮುಂದೆ ಸಾಲು. ಶಾಲೆಗೆ ರಜೆಯಿದ್ದುದರಿಂದ ವೀಕ್ಷಾ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಗಿರಾಕಿಗಳಿಗೆ ಸೋಂಪು ಕೊಡುತ್ತಿದ್ದಳು. ಸರಸ ಊಟದ ಎಲೆ ಹಾಕಿಸುತ್ತಿದ್ದವಳು ಮಧುರಾಳ ಮುಖ ನೋಡಿದಳು, ನೋಡಿದ್ದೇ ಅಲ್ಲೇ ನಿಂತಳು.

"ಸಿಕ್ಕಿತು," ಎಂದಳು ಮಧುರಾ. ಏದುಸಿರಿಗೆ ಅಷ್ಟೇ ಹೊರಬಂತು.

ಮೋನಪ್ಪ ಎದ್ದರು. ಊಟದ ಹೊತ್ತಿನಲ್ಲಿ ಗಲ್ಲಾದಿಂದ ಎದ್ದವರೇ ಅಲ್ಲ ಅವರು. "ಯಾರು?" ಎಂದರು.

ಮಧುರಾ ಅಡುಗೆಮನೆಯ ಕಡೆ ಕೈ ತೋರಿಸಿದಳು. ಅಭ್ಯಾಸಬಲದಿಂದ ತಿರುಮಲ ಒಳಗೆ ಹೇಳಲು ಹೊರಟಿದ್ದ; ಮೋನಪ್ಪ ಅವನ ಭುಜ ಹಿಡಿದು ನಿಲ್ಲಿಸಿ, ತಾವೇ ಮುಂದೆ ಹೋದರು. ಹಿಂದಿನಿಂದ ಎಲ್ಲರೂ ನುಗ್ಗಿದರು.

ಸುರೇಶ ಸಾಂಬಾರಿನ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಿದ್ದವನು ಮೋನಪ್ಪನನ್ನು ಕಂಡು ಗಾಬರಿಯಾದ. ಇಷ್ಟು ವರ್ಷ ಆಡದ ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಮೋನಪ್ಪ ನಿಂತೇ ಇದ್ದರು. ಮಧುರಾಳೇ ಹೇಳಿದಳು.

"ಸುರೇಶ ಅವರೇ, ನಿಮ್ಮದು ಪೂರ್ತಿ ಹೊಂದಿದೆ. ಇಡ್ಲಿ ವಡೆ ಎರಡೂ. ವಡೆ ನಿಮ್ಮ ಅಮ್ಮನಿಂದ ನಿಮಗೂ ಬಂದಿದೆ, ಸರಸ ಅವರಿಗೂ ಬಂದಿದೆ. ಇಡ್ಲಿ ನಿಮ್ಮ ಅಪ್ಪನ ಮನೆಯದು. ಅವರ ತಂಗಿಯಿಂದ ಮೋನಪ್ಪನವರಿಗೆ ಬಂತು, ಅಲ್ಲಿಂದ ವೀಕ್ಷಾಗೆ. ಸರಸ ಅವರಿಗೆ ನಿಮ್ಮ ಅಪ್ಪ ಇದನ್ನ ಕೊಡಲಿಲ್ಲ. ನಿಮಗೆ ಕೊಟ್ಟಿದ್ದಾರೆ."

ಸುರೇಶ ಅವಳನ್ನೇ ನೋಡಿದ. "ಅಪ್ಪನಾ?" ಎಂದ. "ನನ್ನ ಅಪ್ಪ ಕೊಟ್ಟದ್ದಾ?"

"ಹೌದು."

"ಅಪ್ಪ ನಂಗೆ ಎಂತದೂ ಕೊಡ್ಲಿಲ್ಲ ಅಂತ ಇಷ್ಟು ವರ್ಷ ಕಂಡವರ ಹತ್ತಿರವೆಲ್ಲ ಹೇಳಿಕೊಂಡು ಬಂದೆನಲ್ಲ ಮಾರಾಯ್ರೆ..." ಎಂದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಸರಸ, "ಅಣ್ಣಾ," ಎಂದು ಅವನ ತೋಳಿಗೆ ಹಣೆಯಿಟ್ಟಳು. ವೀಕ್ಷಾ ಮಾತ್ರ ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾನ್ ದಾನ್ ಅನ್ನಿಕ್ಕೇ ಸೊನ್ನೇನೇ!" ಎಂದು ಎಲ್ಲರನ್ನೂ ಗದರಿದಳು. ನಾನು ಅವತ್ತೇ ಹೇಳಿದ್ದೆನಲ್ಲ!

ಅಷ್ಟರಲ್ಲಿ ಸಾಂಬಾರು ತಳ ಹಿಡಿದ ವಾಸನೆ ಬಂತು. ಸುರೇಶ ಗಡಬಡಿಸಿ ಒಲೆಯ ಕಡೆ ತಿರುಗಿ ಕೊಪ್ಪರಿಗೆಯ ಕಿವಿಗೆ ಕೈಹಾಕಿದ.

"ಮುಟ್ಬೇಡ!" ಎಂದು ಕೂಗಿದರು ಮೋನಪ್ಪ. ಅದೇ ಅವರ ಮೊದಲ ಮಾತು. ಅವರು ಸುರೇಶನ ಕೈಯಿಂದ ಸೌಟು ಕಿತ್ತುಕೊಂಡರು. "ಇನ್ನು ಕಸಿ ಮುಗಿಯುವವರೆಗೆ ನೀನು ಬೆಂಕಿಯ ಹತ್ತಿರ ಬರ್ಬೇಡ. ಎಣ್ಣೆಯ ಹತ್ತಿರವೂ ಬೇಡ. ಎಂತಾದ್ರೂ ಆದ್ರೆ?"

"ಮತ್ತೆ ಅಡುಗೆ ಯಾರು ಮಾಡುದು ಬಾವ?"

"ನಾನು ಮಾಡ್ತೇನೆ. ನಿನ್ನ ಅಪ್ಪ ನನಗೂ ಕಲಿಸಿದ್ದಾರೆ." ಮೋನಪ್ಪ ಪಂಚೆ ಎತ್ತಿ ಕಟ್ಟಿದರು. "ನೀನು ಹೋಗಿ ಗಲ್ಲಾದಲ್ಲಿ ಕೂತ್ಕೋ."

ಸುರೇಶ ನಿಂತಲ್ಲೇ ನಿಂತ. ವೀಕ್ಷಾ ಅವನ ಬೆರಳು ಹಿಡಿದು ಎಳೆದುಕೊಂಡು ಹೋದಳು. ಹೊರಗೆ ಗಿರಾಕಿಗಳು ಬಿಲ್ಲು ಹಿಡಿದು ಗದ್ದಲ ಮಾಡುತ್ತಿದ್ದರು. ಅವನು ಅಪ್ಪನ ಹಳೆಯ ಕುರ್ಚಿಯ ತುದಿಯಲ್ಲಿ, ಯಾರಾದರೂ ಎಬ್ಬಿಸಿಯಾರು ಎಂಬಂತೆ ಕೂತ. ಸೊಂಟದ ಎಲೆಯಡಿಕೆಯ ಚೀಲ ಬಿಚ್ಚಿ, ಇನ್ನು ಇದು ಬೇಡವೆಂಬಂತೆ ಮಧುರಾಳ ಕೈಗೆ ಕೊಟ್ಟ. ಚಿಲ್ಲರೆ ಎಲ್ಲಿರುತ್ತದೆಂದು ಅವನಿಗೆ ತಿಳಿಯದು. ವೀಕ್ಷಾ ಡ್ರಾಯರ್ ಎಳೆದು ತೋರಿಸಿಕೊಟ್ಟಳು.